ಭಾನುವಾರ ಮನೆಯೇ ಟಾಕೀಸು

ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಅಪ್ಪ ಮನೆ ಸೇರುವ ಹೊತ್ತಿಗೆ ಮಗ ಬೆನ್ನಿಗೆ ಚೀಲ ಏರಿಸಿ ಶಾಲೆಗೆ ಹೊರಟಿರುತ್ತಾನೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಅಮ್ಮ ಅಮೆರಿಕದ ಕಚೇರಿಯವರೊಂದಿಗೆ ಮಾತು ಮುಗಿಸಿ ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಮಗಳು ನಿದ್ದೆಹೋಗಿರುತ್ತಾಳೆ. ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಮನೆಗಳ ಕತೆಯೂ ಇದಕ್ಕಿಂತ ಬೇರೆಯಲ್ಲ. ಮೆಟ್ರೋ ರೈಲು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬಂತು. ದಾರಿಯಲ್ಲಿ ಕಳೆಯುತ್ತಿದ್ದ ಹೊತ್ತು ಒಂದಿಷ್ಟು ಉಳಿಯಿತು, ನಿಜ. ಆದರೆ ಹಾಗೆ ಉಳಿದ ಹೊತ್ತನ್ನು ಮನೆಮಂದಿಯೆಲ್ಲ ಕೂಡಿ ಕಳೆಯುತ್ತಿದ್ದೇವೆಯೇ?

ಇಲ್ಲ ಎನ್ನುವುದಕ್ಕೆ ಹೆಚ್ಚು ಹುಡುಕಬೇಕಾಗಿಲ್ಲ. ಭಾನುವಾರ ಮಧ್ಯಾಹ್ನ ನಾಲ್ಕು ಜನರಿರುವ ಮನೆಯಲ್ಲಿ ನಾಲ್ಕು ಮೊಬೈಲುಗಳು ಬೇರೆ ಬೇರೆ ಮೂಲೆಗಳಲ್ಲಿ ಬೆಳಗುತ್ತಿರುತ್ತವೆ. ಅಪ್ಪನದು ರಾಜಕೀಯದ ಜಗಳ, ಅಮ್ಮನದು ಧಾರಾವಾಹಿ, ಮಗನದು ಕ್ರಿಕೆಟ್ಟು, ಮಗಳದು ಅರ್ಧ ನಿಮಿಷದ ಕುಣಿತಗಳ ಸರಮಾಲೆ. ಎಲ್ಲರೂ ಏನನ್ನೋ ನೋಡುತ್ತಿದ್ದಾರೆ, ಯಾರೂ ಒಂದೇ ವಸ್ತುವನ್ನು ನೋಡುತ್ತಿಲ್ಲ. ಹೀಗಾಗಿ ನೋಡಿದ್ದರ ಬಗ್ಗೆ ಆಡಲು ಮಾತೂ ಇಲ್ಲ.

ಇದರ ನಷ್ಟ ಸಣ್ಣದಲ್ಲ. ಈ ಮೂರೂ ಕಡೆ ಬೆಳೆಯುತ್ತಿರುವ ಬಹಳಷ್ಟು ಮಕ್ಕಳಿಗೆ ತಂದೆತಾಯಿ ಬಿಟ್ಟು ಬಂದ ಊರು ಗೊತ್ತಿಲ್ಲ. ಅವರು ದಿನವಿಡೀ ಮಾಡುವ ಕೆಲಸವೇನೆಂಬುದೂ ಗೊತ್ತಿಲ್ಲ. ಅಪ್ಪ 'ಫ್ಯಾಕ್ಟರಿಗೆ' ಹೋಗುತ್ತಾನೆ, ಅಮ್ಮ 'ಕಂಪನಿಗೆ' ಹೋಗುತ್ತಾಳೆ ಎಂಬಲ್ಲಿಗೆ ಅವರ ತಿಳಿವಳಿಕೆ ಮುಗಿಯುತ್ತದೆ. ಕೂರಿಸಿಕೊಂಡು ಹೇಳೋಣವೆಂದರೆ ಮಕ್ಕಳಿಗೆ ಅದು ಉಪದೇಶವಾಗಿ ಕೇಳಿಸುತ್ತದೆ. ಇಂಥಲ್ಲಿ ನೆರವಿಗೆ ಬರುವುದು ಒಳ್ಳೆಯ ಚಿತ್ರ. ವಾರಕ್ಕೊಂದು ದಿನ, ಎರಡು ಗಂಟೆ ಹೊತ್ತು, ಮನೆಮಂದಿಯೆಲ್ಲ ಒಂದೇ ಪರದೆಯ ಮುಂದೆ ಕುಳಿತರೆ, ನೇರವಾಗಿ ಹೇಳಲಾಗದ ಎಷ್ಟೋ ಸಂಗತಿಗಳು ತೆರೆಯ ಮೇಲಿನ ಯಾರದೋ ನೆಪದಲ್ಲಿ ಹೊರಬರುತ್ತವೆ. ಅದಕ್ಕೆ ಮೊದಲ ವಾರದ ಹಿಟ್ ಚಿತ್ರಗಳೇ ಆಗಬೇಕೆಂದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವು ಮರೆತ ನಮ್ಮವೇ ಚಿತ್ರಗಳು, ಸಾಕ್ಷ್ಯಚಿತ್ರಗಳು, ಹಳೆಯ ಟಿ.ವಿ. ಸರಣಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಟ್ಟಿದೆ.

ಗುಲಾಬಿಯ ಗುಡಿಸಲಿನಿಂದ ಆರಂಭ

ಮನೆಯಲ್ಲಿ ಕುಳಿತು ಸಿನಿಮಾ ನೋಡುವುದರ ಬಗ್ಗೆಯೇ ಒಂದು ಕನ್ನಡ ಚಿತ್ರವಿದೆ. ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ ತೆರೆಗೆ ತಂದ 'ಗುಲಾಬಿ ಟಾಕೀಸು'. ಕುಂದಾಪುರ ಕಡೆಯ ಮೀನುಗಾರರ ಊರಿನಲ್ಲಿ ಗುಲಾಬಿ ಎಂಬ ಸೂಲಗಿತ್ತಿ. ಅವಳಿಗೆ ಸಿನಿಮಾ ಎಂದರೆ ಹುಚ್ಚು. ಹೆರಿಗೆಗೆ ಕರೆಯಲು ಬಂದವರು ಅವಳನ್ನು ಟಾಕೀಸಿನಿಂದ ಎಬ್ಬಿಸಿಕೊಂಡು ಹೋಗಬೇಕು! ಕೊನೆಗೆ ಅವಳ ಗುಡಿಸಲಿಗೇ ಡಿಶ್ ಸಮೇತ ಬಣ್ಣದ ಟಿ.ವಿ. ಬರುತ್ತದೆ. ಅಲ್ಲಿಯವರೆಗೆ ಅವಳನ್ನು ದೂರವೇ ಇಟ್ಟಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಕಾಲದಲ್ಲಿ ಅದೇ ಊರಿನಲ್ಲಿ ಧರ್ಮದ ಹೆಸರಿನ ಬಿರುಕು ಹೇಗೆ ಅಗಲವಾಗುತ್ತದೆ ಎಂಬುದನ್ನೂ ಚಿತ್ರ ಸದ್ದಿಲ್ಲದೆ ತೋರಿಸುತ್ತದೆ. ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು.

ಪ್ರೌಢಶಾಲೆಯ ಮಕ್ಕಳೊಂದಿಗೆ ಮೊದಲು ಇದನ್ನೇ ನೋಡಬಹುದು. 'ನಿಮ್ಮ ಊರಿನಲ್ಲಿ ಮೊದಲ ಟಿ.ವಿ. ಯಾರ ಮನೆಗೆ ಬಂತು? ಒಳಗೆ ಕೂರಲು ಎಲ್ಲರನ್ನೂ ಬಿಡುತ್ತಿದ್ದರೇ?' ಎಂದು ಮಗಳು ಕೇಳದೆ ಇರಲಾರಳು. ಆ ಪ್ರಶ್ನೆಗೆ ಅಜ್ಜಿಯೋ ಅಮ್ಮನೋ ಕೊಡುವ ಉತ್ತರ ಚಿತ್ರದಷ್ಟೇ ಸೊಗಸಾಗಿದ್ದೀತು. ಕೆಲವು ಮನೆಗಳಲ್ಲಿ ಅದು ಚಿತ್ರದಷ್ಟೇ ಕಹಿಯಾಗಿಯೂ ಇದ್ದೀತು.

ಮಾತೇ ಬೇಡದ ಚಿತ್ರಗಳು

ಪೀಣ್ಯದ ವಠಾರಗಳಲ್ಲಿ ಪಕ್ಕದ ಮನೆಯವರು ಒಡಿಶಾದವರೋ ಬಿಹಾರದವರೋ ಆಗಿರುತ್ತಾರೆ. ವೈಟ್‌ಫೀಲ್ಡಿನಲ್ಲಿ ಒಂದೇ ಮಹಡಿಯ ನಾಲ್ಕು ಬಾಗಿಲುಗಳ ಹಿಂದೆ ನಾಲ್ಕು ಭಾಷೆ. ಮಕ್ಕಳು ಹೇಗೋ ಆಡಿಕೊಳ್ಳುತ್ತಾರೆ, ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಅಂಥ ನೆರೆಹೊರೆಯವರನ್ನೂ ಕರೆದು ಕೂರಿಸಬಹುದಾದ ಚಿತ್ರ 1987ರ 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ, ಕಮಲಹಾಸನ್ ನಟಿಸಿದ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಕೆಲಸ ಸಿಗದ ಪದವೀಧರನೊಬ್ಬ ಕುಡಿದು ಬಿದ್ದ ಶ್ರೀಮಂತನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ಹೆಸರಿನಲ್ಲಿ ದೊಡ್ಡ ಹೋಟೆಲಿನಲ್ಲಿ ಠಿಕಾಣಿ ಹೂಡುತ್ತಾನೆ. ಆದರೆ ಅಲ್ಲಿಯ ಮೆತ್ತನೆ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಬಾರದು! ಯಾಕೆಂದರೆ ಅವನ ಹಳೆಯ ಕೋಣೆಯ ಪಕ್ಕದಲ್ಲಿದ್ದುದು ಸಿನಿಮಾ ಟಾಕೀಸು. ಕೊನೆಗೆ ಟಾಕೀಸಿನ ಗದ್ದಲವನ್ನೇ ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ಬಂದು, ಅದನ್ನು ಕೇಳುತ್ತ ಮಲಗುತ್ತಾನೆ. ರಾತ್ರಿಯಿಡೀ ಯಂತ್ರದ ಸದ್ದಿನ ನಡುವೆ ಮಲಗಿ ಅಭ್ಯಾಸವಾದ ಮನೆಗಳಲ್ಲಿ ಈ ದೃಶ್ಯಕ್ಕೆ ಬೀಳುವ ನಗೆಯೇ ಬೇರೆ.

ಚಿತ್ರ ತೆಗೆದದ್ದು ಬೆಂಗಳೂರಿನಲ್ಲೇ. ಹೀಗಾಗಿ 1980ರ ದಶಕದ ನಗರವನ್ನು ಮಕ್ಕಳಿಗೆ ತೋರಿಸಿದಂತೆಯೂ ಆಯಿತು. ನಗುನಗುತ್ತಲೇ ಅದು ಕೇಳುವ ಪ್ರಶ್ನೆ ಮಾತ್ರ ಗಂಭೀರವಾದದ್ದು: ದುಡಿಯದೆ ದಕ್ಕಿದ ಸುಖ ಎಷ್ಟು ದಿನದ್ದು? ಪದವಿ ಹಿಡಿದು ಕೆಲಸ ಹುಡುಕುತ್ತಿರುವ ಅಣ್ಣ ಅಥವಾ ಅಕ್ಕ ಇರುವ ಮನೆಯಲ್ಲಿ ಇದನ್ನು ತಪ್ಪದೆ ನೋಡಬೇಕು.

ಇದರ ಜೊತೆಗೆ ಇಡಬೇಕಾದದ್ದು ಚಾರ್ಲಿ ಚಾಪ್ಲಿನ್ನರ 1936ರ 'ಮಾಡರ್ನ್ ಟೈಮ್ಸ್'. ಓಡುವ ಪಟ್ಟಿಯ ಮೇಲೆ ಬರುವ ನಟ್ಟುಗಳನ್ನು ಬಿಗಿಯುತ್ತ ಬಿಗಿಯುತ್ತ ಕಾರ್ಮಿಕನ ಕೈ ತಾನೇ ತಿರುಗತೊಡಗುತ್ತದೆ. ಊಟಕ್ಕೆ ಬಿಡುವು ಕೊಡುವುದೂ ನಷ್ಟವೆಂದು ಮಾಲೀಕ ಊಟ ತಿನ್ನಿಸುವ ಯಂತ್ರವನ್ನೇ ಪರೀಕ್ಷಿಸುತ್ತಾನೆ. ಮಕ್ಕಳು ಬಿದ್ದು ಬಿದ್ದು ನಗುವುದು ಖಂಡಿತ. ನಕ್ಕು ಮುಗಿದ ಮೇಲೆ ಕಾರ್ಖಾನೆಯಲ್ಲಿ ದುಡಿಯುವ ಅಪ್ಪನೋ ಅಮ್ಮನೋ 'ನಮ್ಮಲ್ಲಿ ಒಂದು ಪಾಳಿಗೆ ಇಷ್ಟು ತುಂಡು ಆಗಲೇಬೇಕು' ಎಂದು ಲೆಕ್ಕ ಹೇಳಿದರೆ, ಆ ನಗೆಗೆ ಇನ್ನೊಂದು ಅರ್ಥ ಬರುತ್ತದೆ.

ಅಪ್ಪ ಮಾಡುವ ಕೆಲಸ

ಇಂದು ಈ ಮೂರೂ ಕಡೆ ದ್ವಿಚಕ್ರ ವಾಹನವೇ ಅನ್ನದ ಬಟ್ಟಲಾಗಿರುವ ಮನೆಗಳು ಎಷ್ಟೋ. ಊಟ ತಲುಪಿಸುವವರು, ಪಾರ್ಸೆಲ್ ಹೊರುವವರು, ಬೈಕಿನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವವರು. ಗಾಡಿ ನಿಂತರೆ ಅಂದಿನ ದುಡಿಮೆ ನಿಂತಂತೆ. ಇದೇ ಸಂಕಟವನ್ನು 1948ರಷ್ಟು ಹಿಂದೆಯೇ ಇಟಲಿಯ ವಿಟ್ಟೋರಿಯೋ ಡಿ ಸಿಕಾ ತೆರೆಯ ಮೇಲೆ ತಂದಿದ್ದರು. ಚಿತ್ರದ ಹೆಸರು 'ಬೈಸಿಕಲ್ ಥೀವ್ಸ್'. ಸೈಕಲ್ ಇದ್ದರಷ್ಟೇ ಸಿಗುವ ಕೆಲಸ. ಕೆಲಸಕ್ಕೆ ಸೇರಿದ ಮೊದಲ ದಿನವೇ ಸೈಕಲ್ ಕಳವು. ಅದನ್ನು ಹುಡುಕುತ್ತ ರೋಮ್ ನಗರವೆಲ್ಲ ಅಲೆಯುವ ತಂದೆ ಮತ್ತು ಪುಟ್ಟ ಮಗ. ತಂದೆಯ ಪಾತ್ರ ಮಾಡಿದವರು ವೃತ್ತಿನಟರಲ್ಲ, ನಿಜವಾದ ಕಾರ್ಖಾನೆ ಕಾರ್ಮಿಕ. ಕಷ್ಟಕ್ಕೆ ಸಿಕ್ಕಿದ ತಂದೆಯನ್ನು ಮಗ ನೋಡುವ ನೋಟವೇ ಈ ಚಿತ್ರದ ಜೀವಾಳ. ಒಂದೂವರೆ ಗಂಟೆಯ ಈ ಚಿತ್ರ ಮುಗಿದ ಮೇಲೆ ಮನೆಯಲ್ಲಿ ಸ್ವಲ್ಪ ಹೊತ್ತು ಮೌನವಿದ್ದರೆ, ಇರಲಿ ಬಿಡಿ.

ಭಾಷೆಯ ತೊಡಕು? ಅದಕ್ಕೂ ಉಪಾಯವುಂಟು. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಮಗನೋ ಮಗಳೋ ಓದಿ, ಕನ್ನಡದಲ್ಲಿ ಹೇಳಲಿ. ಇಂಗ್ಲಿಷ್ ಬಾರದ ತಂದೆತಾಯಿಗೆ ಕತೆ ತಿಳಿಯುತ್ತದೆ. ಮಕ್ಕಳಿಗೆ ಎರಡೂ ಭಾಷೆಯ ಅಭ್ಯಾಸವಾಗುತ್ತದೆ. ಟ್ಯೂಷನ್ನಿಗೆ ದುಡ್ಡು ಕೊಟ್ಟು ಕಲಿಸುವುದಕ್ಕಿಂತ ಇದು ಕಡಿಮೆಯದೇನಲ್ಲ.

ನಮ್ಮಲ್ಲಿನ ಕಚೇರಿಗಳ ಲೋಕಕ್ಕೆ ಕನ್ನಡಿ ಹಿಡಿದ ಚಿತ್ರ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕತೆ, ಕಾಸರವಳ್ಳಿಯವರ ನಿರ್ದೇಶನ. ಪುರಸಭೆಯಲ್ಲಿ ನಿಷ್ಠೆಯಿಂದ ದುಡಿದ ತಬರ, ನಿವೃತ್ತಿಯಾದ ಮೇಲೆ ತನ್ನದೇ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ದಿನದಿಂದ ದಿನಕ್ಕೆ ಏರುತ್ತದೆ. 1986ರ ಸಾಲಿನಲ್ಲಿ ಇದಕ್ಕೆ ಸ್ವರ್ಣಕಮಲವೂ, ತಬರನಾಗಿದ್ದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ಪಿ.ಎಫ್. ಹಣಕ್ಕೆ, ಇ.ಎಸ್.ಐ. ಚೀಟಿಗೆ ಓಡಾಡಿದ ಅನುಭವವಿರುವ ಮನೆಗಳಲ್ಲಿ ತಬರನ ಪರಿಚಯ ಮಾಡಿಕೊಡಬೇಕಾಗಿಯೇ ಇಲ್ಲ. ಮುಂದೆ ಸರ್ಕಾರಿ ಕೆಲಸಕ್ಕೆ ಸೇರಬೇಕೆಂದು ಪರೀಕ್ಷೆಗೆ ಓದುತ್ತಿರುವವರು ಮೇಜಿನ ಈಚೆ ನಿಂತವನ ಮುಖವನ್ನೂ ಒಮ್ಮೆ ನೋಡಲಿ.

ಐ.ಟಿ. ಮನೆಗಳವರಿಗೂ ಒಂದಿದೆ. ಗೌತಮ್ ಸೊಂಟಿ ಅವರು ಮಾನವಶಾಸ್ತ್ರಜ್ಞೆ ಕ್ಯಾರಲ್ ಉಪಾಧ್ಯ ಅವರೊಡನೆ 2006ರಲ್ಲಿ ಮಾಡಿದ ಮೂರು ಸಾಕ್ಷ್ಯಚಿತ್ರಗಳ ಸರಣಿ 'ಕೋಡಿಂಗ್ ಕಲ್ಚರ್'. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಒಳಗೆ ಜನ ಹೇಗೆ ಕೂರುತ್ತಾರೆ, ಹೇಗೆ ಮಾತಾಡುತ್ತಾರೆ, ದೂರದೇಶದ ಯಜಮಾನರೊಡನೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದನ್ನು ಕ್ಯಾಮೆರಾ ಗಮನಿಸುತ್ತದೆ. ಸಂಬಳದ ಅಂಕಿ ಮಾತ್ರ ಕೇಳಿ ಎಂಜಿನಿಯರಿಂಗ್ ಸೀಟಿಗೆ ಹಾತೊರೆಯುವ ಪಿ.ಯು. ವಿದ್ಯಾರ್ಥಿಗಳಿಗೆ ಆ ಕುರ್ಚಿಯ ಮೇಲಿನ ದಿನಚರಿಯೂ ತಿಳಿದಿರುವುದು ಒಳ್ಳೆಯದು.

ಬಿಟ್ಟು ಬಂದ ಊರು

ಎಲೆಕ್ಟ್ರಾನಿಕ್ ಸಿಟಿ ಇರುವ ನೆಲ ಹಿಂದೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಹೊಲಗಳು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಅಲ್ಲಿ 300ಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ನಗರ ಕಟ್ಟಲು ಹೊರಟಿತು. ಸುತ್ತಲಿನ ಹೊಲಗಳು ಆಮೇಲೆ ಒಂದೊಂದಾಗಿ ಲೇಔಟುಗಳಾದವು. ನಿವೇಶನವಾಗುವ ಮುಂಚೆ ಭೂಮಿ ಏನಾಗಿತ್ತು, ಅದು ಕೈಬದಲಾಗುವಾಗ ಮನೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿಯಬೇಕೆಂದರೆ ರಾಮ್ ರೆಡ್ಡಿ ನಿರ್ದೇಶನದ 'ತಿಥಿ' ನೋಡಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹೆಚ್ಚುಕಡಿಮೆ ಹಳ್ಳಿಯ ಜನರನ್ನೇ ಇಟ್ಟುಕೊಂಡು ತೆಗೆದ ಚಿತ್ರವಿದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯ ಚಿಂತೆಯೇ ಇಲ್ಲ. ಮೊಮ್ಮಗನಿಗೋ ಜಮೀನು ಮಾರುವ ತರಾತುರಿ. ಅದಕ್ಕಾಗಿ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸತ್ತವನನ್ನಾಗಿ ಮಾಡಲೂ ಸಿದ್ಧ. ಹನ್ನೊಂದನೆಯ ದಿನದ ತಿಥಿಯೊಳಗೆ ನಡೆಯುವ ಈ ಪ್ರಸಂಗಗಳಲ್ಲಿ ನಗೆಗೆ ಬರವಿಲ್ಲ. ಹಳ್ಳಿಯ ಬಿಡುಮಾತು, ಬೈಗುಳ, ಕುಡಿತ ಎಲ್ಲ ಇರುವುದರಿಂದ ಕಾಲೇಜು ಮೆಟ್ಟಿಲೇರಿದ ಮಕ್ಕಳಿಗೆ ಸಾಕು, ಚಿಕ್ಕವರಿಗೆ ಬೇಡ.

ಊರು ಬಿಡುವುದಕ್ಕೆ ಎಲ್ಲರ ಕಾರಣವೂ ಒಂದೇ ಅಲ್ಲ. ನಾ. ಡಿಸೋಜ ಅವರ ಕೃತಿಯನ್ನು ಆಧರಿಸಿದ ಕಾಸರವಳ್ಳಿಯವರ 'ದ್ವೀಪ' (2002) ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ನೆಲ ಬಿಡದ ಒಂದು ಸಂಸಾರದ ಕತೆ. ಸೌಂದರ್ಯ ನಿರ್ಮಿಸಿ ನಟಿಸಿದ ಈ ಚಿತ್ರಕ್ಕೂ ಸ್ವರ್ಣಕಮಲ ಬಂತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಅಲ್ಲಿಯ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಬೆಂಗಳೂರಿನ ಯಂತ್ರಗಳೂ ಕಂಪ್ಯೂಟರುಗಳೂ ನಡೆದದ್ದು ಇಂಥ ಕರೆಂಟಿನಿಂದಲೂ ಹೌದು. ಗುಂಡಿ ಒತ್ತಿದರೆ ಹತ್ತುವ ದೀಪದ ಹಿಂದೆ ಯಾರದೋ ಅಂಗಳ ನೀರಿನಡಿ ಇದೆ ಎಂಬುದನ್ನು ಪಠ್ಯಪುಸ್ತಕಕ್ಕಿಂತ ಈ ಚಿತ್ರ ಚೆನ್ನಾಗಿ ಹೇಳುತ್ತದೆ.

ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಗಾಗಿ, ಅವರ ಪಕ್ಕದ ಬೆಂಚಿನಲ್ಲಿ ಕೂರುವ ಮಕ್ಕಳಿಗಾಗಿಯೂ, ಎರಡು ಹೊಸ ಚಿತ್ರಗಳು. ಉತ್ಸವ್ ಗೋನವಾರ ಅವರ 'ಫೋಟೋ' 2024ರಲ್ಲಿ ತೆರೆಕಂಡಿತು. ರಾಯಚೂರು ಕಡೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಬಳಿಗೆ ಬರುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್. ಮುಂದಿನದು ಕಾಲ್ನಡಿಗೆಯ ದಾರಿ. ಎರಡನೆಯದು ಜೈಶಂಕರ್ ಆರ್ಯರ್ ಅವರ 'ಶಿವಮ್ಮ'. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದ ನಾಯಕಿ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಬಿಸಿಯೂಟದ ಅಡುಗೆಯಾಕೆ. ಇದ್ದಬದ್ದ ಹಣವನ್ನು ಚೈನ್ ವ್ಯಾಪಾರದ ಪುಷ್ಟಿಪುಡಿಗೆ ಸುರಿದು, ಊರಿಗೆಲ್ಲ ಮಾರಹೊರಡುತ್ತಾಳೆ. 'ನೀವೂ ಸೇರಿ, ನಾಲ್ವರನ್ನೂ ಸೇರಿಸಿ' ಎಂಬ ಆಮಂತ್ರಣ ಯಾವ ಬಡಾವಣೆಗೆ ಬಂದಿಲ್ಲ? ಸಾವಿರ ಎಚ್ಚರಿಕೆಯ ಮಾತಿಗಿಂತ ಶಿವಮ್ಮನ ಒಂದು ಮುಖ ಸಾಕು.

ಪುಟ್ಟ ಮಕ್ಕಳಿಗೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡು ಗಂಟೆ ಕೂರುವ ತಾಳ್ಮೆ ಇರುವುದಿಲ್ಲ. ಅವರಿಗೆ ಕಂತುಗಳೇ ಸರಿ. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿ ದೂರದರ್ಶನಕ್ಕೆ ಕೊಟ್ಟ 'ಮಾಲ್ಗುಡಿ ಡೇಸ್' 1980ರ ದಶಕದ್ದಾದರೂ ಸ್ವಾಮಿಯ ತುಂಟತನಕ್ಕೆ ವಯಸ್ಸಾಗಿಲ್ಲ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ್. ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಅವರೇ 'ಪುಷ್ಪಕ ವಿಮಾನ'ಕ್ಕೂ ಸಂಗೀತ ಕೊಟ್ಟವರು. ಸರಣಿಯಲ್ಲಿ ಕಾಣುವ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವಿದೆ. ಬೇಸಿಗೆ ರಜೆಯಲ್ಲಿ ಆ ಕಡೆ ಹೋದರೆ ಇಳಿದು ನೋಡಿ ಬರಬಹುದು.

ಅಭಯಸಿಂಹ ಅವರ 'ಗುಬ್ಬಚ್ಚಿಗಳು' ಗುಬ್ಬಿಯನ್ನು ಹುಡುಕಿ ಹೊರಡುವ ಮಕ್ಕಳ ಕತೆ. 2008ರ ಸಾಲಿನ ಶ್ರೇಷ್ಠ ಮಕ್ಕಳ ಚಿತ್ರ ಪ್ರಶಸ್ತಿ ಪಡೆದದ್ದು. ಗಾಜಿನ ಕಟ್ಟಡಗಳ ನಡುವೆ ಬೆಳೆಯುವ ಮಕ್ಕಳು ಇದನ್ನು ನೋಡಿ ಬಾಲ್ಕನಿಗೆ ಓಡಿಯಾರು. ಕಾಡು, ಹುಲಿ, ಆನೆ ಎಂದರೆ ಕಣ್ಣರಳಿಸುವವರಿಗೆ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ 'ವೈಲ್ಡ್ ಕರ್ನಾಟಕ' (2019) ಇದೆ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅವರದು. ಒಂದು ಗಂಟೆಯೊಳಗೆ ಮುಗಿಯುತ್ತದೆ. ಇನ್ನು ಡಾ. ನಾ. ಸೋಮೇಶ್ವರ ಅವರು ದೂರದರ್ಶನ ಚಂದನದಲ್ಲಿ 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ರಸಪ್ರಶ್ನೆಯನ್ನು ಮನೆಯಲ್ಲೇ ಎರಡು ತಂಡ ಮಾಡಿಕೊಂಡು ಆಡಬಹುದು. ಅಲ್ಲಿ ಬಹುಮಾನ ಪುಸ್ತಕ. ಮನೆಯಲ್ಲೂ ಅದನ್ನೇ ಇಡಿ.

ಪಿ.ಯು. ಮತ್ತು ಪದವಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಫಿಲ್ಮ್ಸ್ ಡಿವಿಜನ್‌ಗಾಗಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ಮಾಡಿದ 'ಐ ಆ್ಯಮ್ 20' ಎಂಬ ಕಿರುಚಿತ್ರ ನೋಡಿ. ಸ್ವಾತಂತ್ರ್ಯದ ವರ್ಷ ಹುಟ್ಟಿದ ಯುವಕ ಯುವತಿಯರನ್ನು ದೇಶದ ಬಗ್ಗೆ, ತಮ್ಮ ಕನಸುಗಳ ಬಗ್ಗೆ ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ, ಅಷ್ಟೇ. ನೋಡಿದ ಮೇಲೆ ಕೈಯಲ್ಲಿರುವ ಮೊಬೈಲಿನಲ್ಲೇ ನಿಮ್ಮ ತಂದೆತಾಯಿಯನ್ನು ಕೂರಿಸಿ ಕೇಳಿ: ಇಪ್ಪತ್ತನೆಯ ವಯಸ್ಸಿನಲ್ಲಿ ನೀವು ಎಲ್ಲಿದ್ದಿರಿ? ಏನಾಗಬೇಕೆಂದಿದ್ದಿರಿ? ಹತ್ತು ನಿಮಿಷದ ಆ ಚಿತ್ರ ಯಾವ ಉತ್ಸವಕ್ಕೂ ಹೋಗದಿದ್ದರೂ ನಿಮ್ಮ ಮನೆಯಲ್ಲಿ ಉಳಿಯುತ್ತದೆ.

'ಇವೆಲ್ಲ ನಮಗೆ ಅರ್ಥವಾದಾವೇ?'

ಆಗುತ್ತವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಮುಂತಾದವರ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದೆ ಇಟ್ಟಿತು. ಹಳ್ಳಿಯವರಿಗೆ ಇದೆಲ್ಲ ಯಾಕೆ ಎಂಬ ಅನುಮಾನ ಅಲ್ಲಿ ಸುಳ್ಳಾಯಿತು. ಜನ ಬಂದರು, ನೋಡಿದರು, ಚರ್ಚಿಸಿದರು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ಬನಶಂಕರಿಯಲ್ಲಿದೆ. ವೈಟ್‌ಫೀಲ್ಡಿನಿಂದಲೋ ಪೀಣ್ಯದಿಂದಲೋ ಪ್ರತಿವಾರ ಅಲ್ಲಿಗೆ ಹೋಗಿಬರುವುದು ಸುಲಭವಲ್ಲ. ಆದ್ದರಿಂದಲೇ ಮನೆಯ ಟಾಕೀಸಿನ ಮಾತು.

ಇದಕ್ಕೆ ಬೇಕಾದ ಸಿದ್ಧತೆ ಅಲ್ಪ. ಟಿ.ವಿ. ಇಲ್ಲದಿದ್ದರೆ ಇರುವುದರಲ್ಲಿ ದೊಡ್ಡ ಮೊಬೈಲನ್ನು ಪುಸ್ತಕಕ್ಕೆ ಒರಗಿಸಿ ಇಟ್ಟರೂ ಸಾಕು. ದೂರದರ್ಶನದ ಹಳೆಯ ಸರಣಿಗಳು, ಫಿಲ್ಮ್ಸ್ ಡಿವಿಜನ್ನಿನ ಕಿರುಚಿತ್ರಗಳು ಯೂಟ್ಯೂಬಿನ ಅಧಿಕೃತ ಚಾನೆಲ್ಲುಗಳಲ್ಲಿ ಹುಡುಕಿದರೆ ಸಿಗುತ್ತವೆ. ಉಳಿದವು ಒಂದು ತಾಣದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಹೆಸರು, ಇಸವಿ ಎರಡನ್ನೂ ಹಾಕಿ ಹುಡುಕುವ ಕೆಲಸ ಮಕ್ಕಳಿಗಿರಲಿ. ಕದ್ದ ಪ್ರತಿ ಬೇಡ. ಕಡಿಮೆ ಹಣದಲ್ಲಿ ಇಂಥ ಚಿತ್ರ ಮಾಡುವವರಿಗೆ ಅದು ಮುಂದಿನ ಚಿತ್ರವನ್ನೇ ತಪ್ಪಿಸುತ್ತದೆ. ಚಿಕ್ಕವರೊಂದಿಗೆ ನೋಡುವ ಮುಂಚೆ ಸೆನ್ಸಾರ್ ಪ್ರಮಾಣಪತ್ರ ಗಮನಿಸಿ. ಸಾಧ್ಯವಾದರೆ ದೊಡ್ಡವರಲ್ಲಿ ಒಬ್ಬರು ಮೊದಲೇ ನೋಡಿರಲಿ.

ಎಸ್ಸೆಸ್ಸೆಲ್ಸಿ ಮಕ್ಕಳಿರುವ ತಂದೆತಾಯಿ 'ಓದುವ ಹೊತ್ತು ಹಾಳಾಗದೇ?' ಎಂದಾರು. ವಾರಕ್ಕೆ ಎರಡು ಗಂಟೆ. ದಿನಕ್ಕೆ ಮೊಬೈಲಿನಲ್ಲಿ ಕರಗುವ ಹೊತ್ತಿಗೆ ಹೋಲಿಸಿದರೆ ಅದು ಎಷ್ಟರದು? ಪರೀಕ್ಷೆಯ ತಿಂಗಳಿನಲ್ಲಿ ಬಿಟ್ಟುಬಿಡಿ, ಮುಗಿದ ಮೇಲೆ ಮುಂದುವರಿಸಿ. ಎರಡು ನಿಯಮ ಮಾತ್ರ ಎಲ್ಲರಿಗೂ ಒಂದೇ ಇರಲಿ. ಚಿತ್ರ ನಡೆಯುವಾಗ ಅಪ್ಪನ ಮೊಬೈಲೂ ಸೇರಿದಂತೆ ಎಲ್ಲರದೂ ಪಕ್ಕದ ಕೋಣೆಯಲ್ಲಿರಲಿ. ಮುಗಿದ ಕೂಡಲೇ 'ಇದರ ನೀತಿಯೇನು?' ಎಂದು ಮಕ್ಕಳನ್ನು ಕೇಳಬೇಡಿ. 'ನಿನಗೆ ಯಾರು ಇಷ್ಟವಾದರು?' ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಪಾಳಿ ಬದಲಾಗಿ ಭಾನುವಾರ ಸಿಗದ ಮನೆಗಳಲ್ಲಿ ವಾರದ ರಜೆ ಯಾವತ್ತೋ ಅಂದೇ ಭಾನುವಾರ.